ಕಣ್ಣಿನಲ್ಲಿ ವಯಸ್ಸಿನ ಪಾಲೆಷ್ಟು, ರೋಗದ ಪಾಲೆಷ್ಟು?

ನಮ್ಮ ಮನೆಗಳಲ್ಲಿ ಹಿರಿಯರ ಯಾವುದೇ ತೊಂದರೆಗೆ ಸುಲಭವಾಗಿ ದೊರೆಯುವ ಉತ್ತರವೊಂದಿದೆ: ‘ವಯಸ್ಸಾಯಿತಲ್ಲ.’ ಮಂಡಿ ನೋವು ಬಂದರೂ ವಯಸ್ಸು, ಮರೆವು ಬಂದರೂ ವಯಸ್ಸು, ಕಣ್ಣು ಮಂಜಾದರೂ ವಯಸ್ಸು. ಈ ಮಾತಿನಲ್ಲಿ ಸಮಾಧಾನವಿದೆ, ನಿಜ. ಆದರೆ ಎಷ್ಟೋ ಸಲ ಅದೇ ಮಾತಿನ ಮರೆಯಲ್ಲಿ ರೋಗವು ಸದ್ದಿಲ್ಲದೆ ಬೆಳೆಯುತ್ತದೆ. ಕಣ್ಣಿನ ವಿಷಯದಲ್ಲಂತೂ ವಯಸ್ಸು ಎಷ್ಟನ್ನು ಕೊಂಡೊಯ್ಯುತ್ತದೆ ಎಂಬುದನ್ನು ವೈದ್ಯಶಾಸ್ತ್ರವು ಅಳೆದು ಬರೆದಿಟ್ಟಿದೆ. ಆ ಅಳತೆಯನ್ನು ಮೀರಿ ಹೋದುದನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬಾರದು. ಈ ಲೇಖನದಲ್ಲಿ ನಾವು ಹೇಳಬಯಸುವುದು ಇಷ್ಟೇ.

ನಾವು ನೇತ್ರವೈದ್ಯ ವೃತ್ತಿಗೆ ಕಾಲಿಟ್ಟ ಹೊಸದರಲ್ಲಿ ನಡೆದ ಪ್ರಸಂಗವೊಂದನ್ನು ಮೊದಲು ನಿವೇದಿಸಬೇಕು. ಅರವತ್ತೆಂಟು ವರ್ಷದ ತಾಯಿಯೊಬ್ಬರನ್ನು ಮಗ ಹಳ್ಳಿಯಿಂದ ಕರೆತಂದಿದ್ದರು. ಆ ತಾಯಿ ಹೊಸ್ತಿಲನ್ನು ಎಡವುತ್ತಿದ್ದರು. ನೆಲದ ಮೇಲೆ ಇಟ್ಟ ಕೊಡ ಕಾಲಿಗೆ ತಾಗುವವರೆಗೂ ಅವರಿಗೆ ಕಾಣುತ್ತಿರಲಿಲ್ಲ. ನಾವು ಗೋಡೆಯ ಅಕ್ಷರಪಟವನ್ನು ಓದಿಸಿದೆವು. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ತಡೆಯಿಲ್ಲದೆ ಓದಿದರು. ಕಣ್ಣಿನ ಪೊರೆಯೂ ಹೇಳಿಕೊಳ್ಳುವಷ್ಟು ಇರಲಿಲ್ಲ. ‘ಕಣ್ಣು ಚೆನ್ನಾಗಿದೆ, ಇದೆಲ್ಲ ವಯಸ್ಸಿಗೆ ಸಹಜ, ನೋಡಿಕೊಂಡು ನಡೆಯಿರಿ’ ಎಂದು ಹೇಳಿ ಕಳುಹಿಸಿದೆವು. ಮೂರು ವರ್ಷಗಳ ನಂತರ ಅವರು ಮತ್ತೆ ಬಂದಾಗ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿದೆವು. ಒಂದು ಕಣ್ಣಿನ ನೋಟದ ಕೆಳಗಿನ ಅರ್ಧ ಬಹುತೇಕ ಅಳಿದುಹೋಗಿತ್ತು. ಇನ್ನೊಂದು ಕಣ್ಣಿನಲ್ಲೂ ಅದೇ ಬಗೆಯ ಹಾನಿ ಆರಂಭವಾಗಿತ್ತು. ಅದು ಗ್ಲಾಕೋಮಾ. ಆ ತಾಯಿ ಸಿಟ್ಟಾಗಲಿಲ್ಲ. ‘ವಯಸ್ಸಾಗೈತಿ ಅಂತ ನೀವ ಹೇಳಿದ್ರಲ್ಲರಿ, ಡಾಕ್ಟ್ರ’ ಎಂದಷ್ಟೇ ಹೇಳಿದರು. ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ. ಹೋದ ದೃಷ್ಟಿಯನ್ನು ಮರಳಿ ಕೊಡುವ ಔಷಧವಾಗಲಿ, ಶಸ್ತ್ರಚಿಕಿತ್ಸೆಯಾಗಲಿ ಆ ರೋಗಕ್ಕೆ ಇಲ್ಲ. ಉಳಿದುದನ್ನು ಉಳಿಸಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿತ್ತು.

ನೋಟದ ದ್ವೀಪ

ನಮ್ಮಲ್ಲಿ ಹೆಚ್ಚಿನವರು ಕಣ್ಣಿನ ಶಕ್ತಿಯೆಂದರೆ ಅಕ್ಷರ ಓದುವ ಶಕ್ತಿಯೆಂದೇ ಭಾವಿಸುತ್ತಾರೆ. ಅಕ್ಷರ ಓದುವುದು ನೋಟದ ನಟ್ಟನಡುವಿನ ಒಂದು ಸಣ್ಣ ಭಾಗದ ಕೆಲಸ. ರಸ್ತೆ ದಾಟುವಾಗ ಪಕ್ಕದಿಂದ ಬರುವ ವಾಹನವನ್ನು ಗುರುತಿಸುವುದು, ಮೆಟ್ಟಿಲು ಇಳಿಯುವಾಗ ಕಾಲ ಕೆಳಗಿನ ಅಂಚನ್ನು ಅರಿಯುವುದು, ಜಾತ್ರೆಯ ಜನಸಂದಣಿಯಲ್ಲಿ ಯಾರಿಗೂ ತಾಗದೆ ನಡೆಯುವುದು, ಇವೆಲ್ಲವೂ ನಡುವಿನ ಸುತ್ತ ಹರಡಿಕೊಂಡಿರುವ ವಿಶಾಲ ನೋಟದ ಕೆಲಸ. ಕಣ್ಣನ್ನು ಒಂದೇ ಕಡೆ ನೆಟ್ಟು ನಿಂತಾಗ ಒಟ್ಟಾರೆ ಎಷ್ಟು ಕಾಣುತ್ತದೆಯೋ ಅದಕ್ಕೆ ದೃಷ್ಟಿಕ್ಷೇತ್ರವೆಂದು ಹೆಸರು. ಆರೋಗ್ಯವಂತ ಕಣ್ಣೊಂದರ ದೃಷ್ಟಿಕ್ಷೇತ್ರವು ಮೂಗಿನ ಕಡೆಗೂ ಮೇಲಕ್ಕೂ ಸುಮಾರು 60 ಡಿಗ್ರಿ, ಕೆಳಕ್ಕೆ 70 ಡಿಗ್ರಿಗಿಂತ ತುಸು ಹೆಚ್ಚು, ಕಿವಿಯ ಕಡೆಗೆ 90 ಡಿಗ್ರಿಗೂ ಮಿಗಿಲಾಗಿ ಹರಡಿರುತ್ತದೆ.

ಈ ಕ್ಷೇತ್ರದ ಎಲ್ಲ ಭಾಗಕ್ಕೂ ಒಂದೇ ಶಕ್ತಿ ಇರುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ನೇತ್ರವೈದ್ಯ ಟ್ರಾಕ್ವೇರ್ ಇದನ್ನು ಕುರುಡುತನದ ಕಡಲ ನಡುವೆ ಎದ್ದುನಿಂತ ದ್ವೀಪಕ್ಕೆ ಹೋಲಿಸಿದರು. ದ್ವೀಪದ ನಡುವೆ ಎತ್ತರದ ಶಿಖರವಿರುವಂತೆ ನೋಟದ ಕೇಂದ್ರದಲ್ಲಿ ಅತಿ ಮಸುಕಾದ ಬೆಳಕನ್ನೂ ಗುರುತಿಸುವ ಶಕ್ತಿ ಇದೆ. ಅಲ್ಲಿಂದ ಹೊರಕ್ಕೆ ಹೋದಂತೆ ಆ ಶಕ್ತಿ ಇಳಿಜಾರಿನಂತೆ ಕಡಿಮೆಯಾಗುತ್ತ ಕೊನೆಗೆ ಕಡಲಂಚನ್ನು ಸೇರುತ್ತದೆ. ಈ ಇಳಿಜಾರಿನಲ್ಲಿ ಒಂದು ಸಹಜವಾದ ಬಾವಿಯೂ ಇದೆ. ದೃಷ್ಟಿನರವು ಕಣ್ಣಿನಿಂದ ಹೊರಡುವ ಸ್ಥಳದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ಆದ್ದರಿಂದ ಕೇಂದ್ರದಿಂದ ಕಿವಿಯ ಕಡೆಗೆ ಸುಮಾರು 15 ಡಿಗ್ರಿ ದೂರದಲ್ಲಿ ಎಲ್ಲರಿಗೂ ಒಂದು ಕುರುಡು ಚುಕ್ಕೆ ಇರುತ್ತದೆ. ಫ್ರಾನ್ಸಿನ ವಿಜ್ಞಾನಿ ಮಾರಿಯೊಟ್ 1660ರ ದಶಕದಲ್ಲಿಯೇ ಇದನ್ನು ಕಂಡುಹಿಡಿದರು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಬಿಳಿಯ ಹಾಳೆಯ ಮೇಲೆ ಒಂದು ಕೂಡುಗುರುತನ್ನು ಬರೆದು, ಅದರ ಬಲಕ್ಕೆ ಏಳೆಂಟು ಸೆಂಟಿಮೀಟರ್ ದೂರದಲ್ಲಿ ಕಡಲೆಯಷ್ಟು ಗಾತ್ರದ ಒಂದು ಕಪ್ಪು ಚುಕ್ಕೆಯನ್ನಿಡಬೇಕು. ಎಡಗಣ್ಣನ್ನು ಮುಚ್ಚಿ ಬಲಗಣ್ಣಿನಿಂದ ಕೂಡುಗುರುತನ್ನೇ ದಿಟ್ಟಿಸುತ್ತ ಹಾಳೆಯನ್ನು ಮೆಲ್ಲನೆ ಹತ್ತಿರಕ್ಕೆ ತಂದರೆ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿ ಕಪ್ಪು ಚುಕ್ಕೆ ಮಾಯವಾಗುತ್ತದೆ. ಅದು ಇದ್ದ ಜಾಗದಲ್ಲಿ ಕಪ್ಪು ಕಲೆಯೇನೂ ಕಾಣುವುದಿಲ್ಲ, ಬರಿಯ ಬಿಳಿಯ ಹಾಳೆಯೇ ಕಾಣುತ್ತದೆ. ಕಣ್ಣಿಗೆ ಕಾಣದ ಭಾಗವನ್ನು ಮೆದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ. ರೋಗದಿಂದ ನೋಟ ಅಳಿದಾಗಲೂ ಮೆದುಳು ಇದನ್ನೇ ಮಾಡುತ್ತದೆ. ತನ್ನ ನೋಟದಲ್ಲಿ ಕೊರತೆಯಾಗಿದೆ ಎಂಬ ಅರಿವೇ ರೋಗಿಗೆ ಬಹುಕಾಲ ಬಾರದಿರುವುದಕ್ಕೆ ಇದೇ ಕಾರಣ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಕೊಡುವುದರಿಂದ ಆ ಅರಿವು ಮತ್ತಷ್ಟು ತಡವಾಗುತ್ತದೆ.

ಅಳೆಯುವ ಬಗೆ

ತಾನಾಗಿ ತಿಳಿಯದುದನ್ನು ಅಳೆದೇ ತಿಳಿಯಬೇಕು. ಡೆನ್ಮಾರ್ಕಿನ ಬ್ಯೆರುಮ್ 1889ರ ಸುಮಾರಿಗೆ ತಮ್ಮ ಕೊಠಡಿಯ ಬಾಗಿಲಿನ ಹಿಂಬದಿಯನ್ನೇ ಪರದೆಯಾಗಿಸಿ, ಸಣ್ಣ ಬಿಳಿಯ ಗುರುತುಗಳನ್ನು ಸರಿಸುತ್ತ ರೋಗಿಗಳ ನೋಟದ ಕೊರತೆಗಳನ್ನು ಗುರುತಿಸಿದರು. 1945ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಗೋಲ್ಡ್‌ಮನ್ ಅವರು ಬಟ್ಟಲಿನಾಕಾರದ ಉಪಕರಣವೊಂದನ್ನು ರೂಪಿಸಿ, ಹಿನ್ನೆಲೆಯ ಬೆಳಕು, ಚುಕ್ಕೆಯ ಗಾತ್ರ, ಚುಕ್ಕೆಯ ಪ್ರಕಾಶ ಎಲ್ಲವನ್ನೂ ಒಂದೇ ಕಟ್ಟಳೆಗೆ ತಂದರು. 1970ರ ದಶಕದಲ್ಲಿ ಅದೇ ಬರ್ನ್ ನಗರದ ಫಾಂಕ್‌ಹೌಸರ್ ಅವರ ಶ್ರಮದಿಂದ ಈ ಕೆಲಸ ಗಣಕಯಂತ್ರದ ಕೈಗೆ ಬಂದಿತು. ಇಂದು ನಮ್ಮ ದೊಡ್ಡ ಊರುಗಳ ಕಣ್ಣಿನ ಆಸ್ಪತ್ರೆಗಳಲ್ಲಿ ‘ಫೀಲ್ಡ್ ಟೆಸ್ಟ್’ ಎಂದು ಕರೆಯುವುದು ಈ ಪರೀಕ್ಷೆಯನ್ನೇ.

ಪರೀಕ್ಷೆಗೆ ಕುಳಿತವರು ಗಲ್ಲವನ್ನು ಊರುಗೋಲಿನ ಮೇಲಿಟ್ಟು, ಒಂದು ಕಣ್ಣನ್ನು ಮುಚ್ಚಿಕೊಂಡು, ಬಟ್ಟಲಿನ ನಡುವಿನ ದೀಪವನ್ನೇ ದಿಟ್ಟಿಸಬೇಕು. ಸುತ್ತಲೂ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ಮಿನುಗುತ್ತದೆ. ಕಂಡಾಗ ಗುಂಡಿಯನ್ನು ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಕಂಡ ಚುಕ್ಕೆಯನ್ನು ಯಂತ್ರವು ಮುಂದಿನ ಬಾರಿ ಇನ್ನಷ್ಟು ಮಸುಕಾಗಿಸುತ್ತದೆ, ಕಾಣದ ಚುಕ್ಕೆಯನ್ನು ಪ್ರಖರವಾಗಿಸುತ್ತದೆ. ಹೀಗೆ ಪ್ರತಿ ಸ್ಥಳದಲ್ಲಿಯೂ, ಎರಡು ಸಲ ತೋರಿಸಿದರೆ ಒಂದು ಸಲವಷ್ಟೇ ಕಾಣುವಂಥ ಬೆಳಕಿನ ಮಟ್ಟವನ್ನು ಅದು ಹುಡುಕುತ್ತದೆ. ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವಿನ ಆ ಹೊಸ್ತಿಲೇ ಆ ಸ್ಥಳದ ಸಂವೇದನಾಶಕ್ತಿಯ ಅಳತೆ. ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯೊಂದರಲ್ಲಿ ನೋಟದ ನಡುಭಾಗದ 54 ಸ್ಥಳಗಳನ್ನು ಹೀಗೆ ಅಳೆಯುತ್ತಾರೆ.

ಅಳತೆಯ ಮಾನ ಡೆಸಿಬೆಲ್. ಶಬ್ದವನ್ನು ಅಳೆಯುವಾಗ ಈ ಹೆಸರನ್ನು ಕೇಳಿದ್ದೇವೆ. ಇಲ್ಲಿ ಅದು ಬೆಳಕಿಗೆ ಸಂಬಂಧಿಸಿದ್ದು. ಯಂತ್ರದ ಅತಿ ಪ್ರಖರ ಬೆಳಕಿಗೆ 0 ಡೆಸಿಬೆಲ್ ಎಂದು ಹೆಸರು. ಅದರ ಹತ್ತನೆಯ ಒಂದು ಭಾಗದಷ್ಟು ಬೆಳಕು 10 ಡೆಸಿಬೆಲ್, ನೂರನೆಯ ಒಂದು ಭಾಗ 20, ಸಾವಿರದ ಒಂದು ಭಾಗ 30. ಅಂದರೆ ಅಂಕಿ ಹೆಚ್ಚಿದಷ್ಟೂ ಕಣ್ಣು ಹೆಚ್ಚು ಸೂಕ್ಷ್ಮ. ಆರೋಗ್ಯವಂತ ಯುವಕರು ನೋಟದ ಕೇಂದ್ರದ ಸಮೀಪದಲ್ಲಿ 30 ಡೆಸಿಬೆಲ್‌ಗಿಂತ ತುಸು ಹೆಚ್ಚನ್ನೇ ಮುಟ್ಟುತ್ತಾರೆ. ಅಂಚಿನ ಕಡೆಗೆ ಅದು ಕೆಲವು ಡೆಸಿಬೆಲ್ ಕಡಿಮೆಯಾಗುತ್ತದೆ.

ಸಹಜವೆಂಬುದನ್ನು ಯಾರಿಂದ ಕಲಿತೆವು?

ರೋಗಿಯ ಒಂದು ಸ್ಥಳದಲ್ಲಿ 26 ಡೆಸಿಬೆಲ್ ಬಂದಿತೆಂದು ಇಟ್ಟುಕೊಳ್ಳೋಣ. ಅದು ಆರೋಗ್ಯವೋ ರೋಗವೋ? ಅಂಕಿಯೊಂದೇ ಇದಕ್ಕೆ ಉತ್ತರ ಕೊಡಲಾರದು. ಅದೇ ವಯಸ್ಸಿನ ಆರೋಗ್ಯವಂತರಿಗೆ ಅದೇ ಸ್ಥಳದಲ್ಲಿ ಎಷ್ಟು ಬರುತ್ತದೆ ಎಂಬುದು ತಿಳಿದಿರಬೇಕು. ಆದುದರಿಂದ ರೋಗವನ್ನು ಅರಿಯಲು ಹೊರಟ ವೈದ್ಯರು ಮೊದಲು ಆರೋಗ್ಯವನ್ನು ಅಳೆಯಬೇಕಾಯಿತು. 1980ರ ದಶಕದಲ್ಲಿ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹಲವರು ಈ ಕೆಲಸಕ್ಕೆ ಕೈಹಾಕಿದರು. ಕಣ್ಣಿನ ರೋಗವಿಲ್ಲದ, ಕಣ್ಣಿನ ಒತ್ತಡ ಹೆಚ್ಚಿಲ್ಲದ, ಅಕ್ಷರಗಳನ್ನು ಚೆನ್ನಾಗಿ ಓದಬಲ್ಲ ಯುವಕರು, ನಡುವಯಸ್ಸಿನವರು, ವೃದ್ಧರು ಸ್ವಇಚ್ಛೆಯಿಂದ ಕತ್ತಲ ಕೋಣೆಯಲ್ಲಿ ಕುಳಿತು ಗುಂಡಿ ಒತ್ತಿದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆ ಪರೀಕ್ಷೆಯಿಂದ ಅವರಿಗೆ ಆಗಬೇಕಾದುದೂ ಏನಿರಲಿಲ್ಲ. ಹೆಸರು ತಿಳಿಯದ ಆ ಜನರ ತಾಳ್ಮೆಯೇ ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ಸಹಜ ನೋಟದ ಅಳತೆಗೋಲಾಗಿದೆ. ಇದನ್ನು ಸೇವೆ ಎಂದು ಕರೆಯಲು ನಮಗೆ ಯಾವ ಸಂಕೋಚವೂ ಇಲ್ಲ.

ಸ್ವೀಡನ್ನಿನ ಮಾಲ್ಮೋ ನಗರದ ಹೈಲ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಅಳತೆಗಳಿಂದ ಮುಖ್ಯವಾದ ಸಂಗತಿಯೊಂದು ತಿಳಿಯಿತು. ಆರೋಗ್ಯವಂತರ ನಡುವಿನ ವ್ಯತ್ಯಾಸವು ನೋಟದ ಕೇಂದ್ರದಲ್ಲಿ ಕಡಿಮೆ, ಅಂಚಿನಲ್ಲಿ ಬಹಳ ಹೆಚ್ಚು. ಆದುದರಿಂದ ಕೇಂದ್ರದ ಬಳಿ ಐದು ಡೆಸಿಬೆಲ್ ಇಳಿದರೆ ಎಚ್ಚರಗೊಳ್ಳಬೇಕು. ಅಂಚಿನಲ್ಲಿ ಅಷ್ಟೇ ಇಳಿದರೂ ಅದು ಆರೋಗ್ಯದ ಎಲ್ಲೆಯೊಳಗೆ ಇರಬಹುದು. ‘ಸಹಜ’ ಎಂಬುದು ಎಲ್ಲರಿಗೂ ಎಲ್ಲ ಕಡೆಗೂ ಅನ್ವಯಿಸುವ ಒಂದೇ ಅಂಕಿಯಲ್ಲ. ಪ್ರತಿ ವಯಸ್ಸಿಗೆ, ಪ್ರತಿ ಸ್ಥಳಕ್ಕೆ ಅದರದೇ ಎಲ್ಲೆ ಇದೆ.

ವಯಸ್ಸು ಒಯ್ಯುವುದೆಷ್ಟು?

ಈಗ ಮೂಲ ಪ್ರಶ್ನೆಗೆ ಬರೋಣ. ಬೇರೆ ಬೇರೆ ಸಂಶೋಧಕರು ಬೇರೆ ಬೇರೆ ಯಂತ್ರಗಳಿಂದ ಅಳೆದರೂ ಬಂದ ಉತ್ತರಗಳು ಹೆಚ್ಚುಕಡಿಮೆ ಒಂದೇ. ಇಪ್ಪತ್ತರ ವಯಸ್ಸಿನ ನಂತರ ಆರೋಗ್ಯವಂತ ಕಣ್ಣಿನ ಸರಾಸರಿ ಸಂವೇದನಾಶಕ್ತಿ ಹತ್ತು ವರ್ಷಕ್ಕೆ ಸುಮಾರು 0.6ರಿಂದ 0.7 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಮೂವತ್ತರಿಂದ ಎಪ್ಪತ್ತರವರೆಗಿನ ನಲವತ್ತು ವರ್ಷಗಳಲ್ಲಿ ಒಟ್ಟು ಇಳಿಕೆ ಎರಡೂವರೆ ಡೆಸಿಬೆಲ್ ಆಸುಪಾಸು. ಇದನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ, ಮೂವತ್ತರ ಮಗನಿಗೆ ಕಂಡೂ ಕಾಣದಂತಿರುವ ಬೆಳಕನ್ನು ಸುಮಾರು ಎರಡು ಪಟ್ಟಿನ ಸಮೀಪಕ್ಕೆ ಹೆಚ್ಚಿಸಿದರೆ ಎಪ್ಪತ್ತರ ತಂದೆಗೂ ಅದು ಅಷ್ಟೇ ಕಾಣುತ್ತದೆ. ಓದುವ ಕೋಣೆಯಲ್ಲಿ ಹಿರಿಯರಿಗೆ ಹೆಚ್ಚು ಬೆಳಕಿನ ದೀಪ ಬೇಕಾಗುವುದು ಸಹಜವೇ.

ಈ ಇಳಿಕೆಗೆ ಕಾರಣಗಳೂ ಇವೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ; ಒಳಗಿನ ಮಸೂರ ಹಳದಿಗೆ ತಿರುಗುತ್ತದೆ; ಎರಡರಿಂದಲೂ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಆದರೆ ಮುಖ್ಯ ಕಾರಣ ನರದಲ್ಲಿಯೇ ಇದೆಯೆಂದು ಅಮೆರಿಕದ ಸಂಶೋಧಕರು 1989ರಲ್ಲಿ ತೋರಿಸಿದರು. ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾದ ತಂತುಗಳಿದ್ದು, ವರ್ಷಕ್ಕೆ ಕೆಲವು ಸಾವಿರದಂತೆ ಅವು ಸಹಜವಾಗಿಯೇ ಉದುರುತ್ತವೆ. ಹಾಗಿದ್ದರೂ ದೀರ್ಘಾಯುಷಿಯಾದ ಆರೋಗ್ಯವಂತನಲ್ಲಿ ಕೊನೆಯವರೆಗೂ ಬಹುಪಾಲು ತಂತುಗಳು ಉಳಿದಿರುತ್ತವೆ.

ಇಲ್ಲಿ ಗಮನಿಸಬೇಕಾದುದು ಇಳಿಕೆಯ ಪ್ರಮಾಣ ಮಾತ್ರವಲ್ಲ, ಅದರ ರೀತಿಯೂ ಹೌದು. ವಯಸ್ಸು ನೋಟದ ದ್ವೀಪವನ್ನು ಇಡಿಯಾಗಿ ತುಸು ತಗ್ಗಿಸುತ್ತದೆ; ಅಂಚಿನಲ್ಲಿ ಸ್ವಲ್ಪ ಹೆಚ್ಚು, ನಡುವಿನಲ್ಲಿ ಸ್ವಲ್ಪ ಕಡಿಮೆ. ಅದು ಒಂದು ಕಡೆ ಹಳ್ಳ ತೋಡುವುದಿಲ್ಲ. ನೋಟದ ಕೆಳಗಿನ ಅರ್ಧವನ್ನು ಅಳಿಸಿ ಮೇಲಿನ ಅರ್ಧವನ್ನು ಉಳಿಸುವ ಕೆಲಸವನ್ನು ವಯಸ್ಸು ಎಂದೂ ಮಾಡುವುದಿಲ್ಲ. ಹೊಸ್ತಿಲು ಎಡವುತ್ತಿದ್ದ ಆ ತಾಯಿಯ ಕಣ್ಣಿನಲ್ಲಿ ನಾವು ವಯಸ್ಸನ್ನು ಕಂಡದ್ದು ನಮ್ಮ ಅವಸರದ ತೀರ್ಮಾನವಾಗಿತ್ತು.

ರೋಗದ ನಡೆಯೇ ಬೇರೆ

ಗ್ಲಾಕೋಮಾದಲ್ಲಿ ದೃಷ್ಟಿನರದ ತಂತುಗಳು ಗುಂಪುಗುಂಪಾಗಿ ಸಾಯುತ್ತವೆ. ತಂತುಗಳು ಕಣ್ಣಿನೊಳಗೆ ಕಮಾನಿನ ಆಕಾರದಲ್ಲಿ ಸಾಗುವುದರಿಂದ ನೋಟದಲ್ಲಿ ಬೀಳುವ ಹಳ್ಳವೂ ಕಮಾನಿನಂತಿರುತ್ತದೆ. ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ನಡುವೆ ಗೆರೆ ಎಳೆದಂತೆ ವ್ಯತ್ಯಾಸ ತೋರುತ್ತದೆ. ವೇಗದಲ್ಲಿಯೂ ಅಂತರವಿದೆ. ಸ್ವೀಡನ್ನಿನಲ್ಲಿ ಆರಂಭದ ಹಂತದ ಗ್ಲಾಕೋಮಾ ಇದ್ದವರನ್ನು ಹಲವು ವರ್ಷ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಚಿಕಿತ್ಸೆಯಿಲ್ಲದೆ ಇದ್ದವರ ಸಂವೇದನಾಶಕ್ತಿ ಸರಾಸರಿ ವರ್ಷಕ್ಕೆ ಸುಮಾರು 1 ಡೆಸಿಬೆಲ್‌ನಂತೆ ಇಳಿಯಿತು. ಕೆಲವರಲ್ಲಿ ಅದು ಬಹಳ ನಿಧಾನ, ಕೆಲವರಲ್ಲಿ ಬಹಳ ವೇಗ. ಸರಾಸರಿಯನ್ನೇ ಹಿಡಿದರೂ ವಯಸ್ಸು ಹದಿನೈದು ವರ್ಷಗಳಲ್ಲಿ ಒಯ್ಯುವಷ್ಟನ್ನು ರೋಗವು ಒಂದೇ ವರ್ಷದಲ್ಲಿ ಒಯ್ಯುತ್ತದೆ. ಕಣ್ಣಿನ ಒತ್ತಡವನ್ನು ಇಳಿಸುವ ಚಿಕಿತ್ಸೆ ಪಡೆದವರಲ್ಲಿ ರೋಗದ ಮುನ್ನಡೆ ಕಡಿಮೆಯಾಯಿತೆಂಬುದನ್ನೂ ಅದೇ ಅಧ್ಯಯನ ತೋರಿಸಿತು. ರೋಗವನ್ನು ಬೇಗ ಗುರುತಿಸಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ನಮ್ಮ ದೇಶದ ಸ್ಥಿತಿಯನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ. ನಲವತ್ತು ದಾಟಿದ ಭಾರತೀಯರಲ್ಲಿ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿ ನಡೆದ ಸಮೀಕ್ಷೆಗಳಲ್ಲಿ ರೋಗವಿದ್ದ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ತಮಗೆ ರೋಗವಿರುವುದೇ ಅದುವರೆಗೆ ತಿಳಿದಿರಲಿಲ್ಲ. ಅವರಲ್ಲಿ ಎಷ್ಟು ಮಂದಿ ‘ವಯಸ್ಸಾಯಿತಲ್ಲ’ ಎಂಬ ಮಾತನ್ನು ಕೇಳಿ ಸುಮ್ಮನಾಗಿರಬಹುದು ಎಂದು ನಾವು ಯೋಚಿಸಬೇಕು.

ಅಳತೆಗೂ ಮಿತಿಯುಂಟು

ಇಷ್ಟೆಲ್ಲ ಹೇಳಿದ ಮೇಲೆ, ಯಂತ್ರದ ಕಾಗದವನ್ನು ಕಂಡು ಅಂಜುವವರಿಗೂ ಎರಡು ಮಾತು ಹೇಳಬೇಕು. ಆರೋಗ್ಯವಂತರಲ್ಲಿ ನೂರಕ್ಕೆ ಐದು ಮಂದಿಗಿಂತ ಕಡಿಮೆ ಜನರಲ್ಲಿ ಕಾಣುವಂಥ ಅಂಕಿ ಬಂದರೆ ಯಂತ್ರವು ಆ ಸ್ಥಳಕ್ಕೆ ಒಂದು ಗುರುತು ಹಾಕುತ್ತದೆ. ಕುರುಡು ಚುಕ್ಕೆಯ ಎರಡು ಸ್ಥಳಗಳನ್ನು ಬಿಟ್ಟು 52 ಸ್ಥಳಗಳನ್ನು ಪರಿಗಣಿಸಿದಾಗ, ಪೂರ್ಣ ಆರೋಗ್ಯವಂತರ ಕಾಗದದಲ್ಲಿಯೂ ಸರಾಸರಿ ಎರಡು ಮೂರು ಗುರುತುಗಳು ಬೀಳುತ್ತವೆ. ಚೆಲ್ಲಾಪಿಲ್ಲಿಯಾಗಿ ಬಿದ್ದ ಒಂದೆರಡು ಗುರುತುಗಳಿಗೆ ಹೆದರಬೇಕಿಲ್ಲ. ಅಕ್ಕಪಕ್ಕದ ಮೂರು ಅಥವಾ ಹೆಚ್ಚು ಸ್ಥಳಗಳು ಗುಂಪಾಗಿ ಕುಗ್ಗಿದ್ದು, ಮರುಪರೀಕ್ಷೆಯಲ್ಲಿಯೂ ಅದೇ ಜಾಗದಲ್ಲಿ ಕಂಡುಬಂದರೆ ಮಾತ್ರ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ.

ಮೊದಲ ಬಾರಿ ಪರೀಕ್ಷೆಗೆ ಕುಳಿತವರ ಅಂಕಿಗಳು ಎಷ್ಟೋ ಸಲ ಇರುವುದಕ್ಕಿಂತ ಕಡಿಮೆಯೇ ಬರುತ್ತವೆ. ಎರಡನೆಯ, ಮೂರನೆಯ ಬಾರಿಗೆ ಸುಧಾರಿಸುತ್ತವೆ. ಕಣ್ಣು ಬದಲಾಗಿದ್ದರಿಂದ ಹೀಗಾಗುವುದಲ್ಲ. ಕೆಲಸದ ರೂಢಿಯಾಗಿರುತ್ತದೆ, ಅಷ್ಟೇ. ಜೋಲುಬಿದ್ದ ಮೇಲಿನ ರೆಪ್ಪೆ, ಸರಿಯಾಗಿ ಕೂಡದ ಮಸೂರದ ಚೌಕಟ್ಟು, ಕಿರಿದಾದ ಪಾಪೆ, ಕಣ್ಣಿನ ಪೊರೆ, ನಿದ್ದೆಗೆಟ್ಟ ದೇಹ ಇವೆಲ್ಲವೂ ಅಂಕಿಯನ್ನು ತಗ್ಗಿಸುತ್ತವೆ. ಬೆಳಗಿನ ಜಾವದ ಬಸ್ಸು ಹಿಡಿದು, ಉಪವಾಸದಲ್ಲಿಯೇ ಬಂದು, ಜೀವನದಲ್ಲಿ ಎಂದೂ ಇಂಥ ಗುಂಡಿಯನ್ನು ಒತ್ತದ ಹಿರಿಯರನ್ನು ನೇರವಾಗಿ ಕತ್ತಲ ಕೋಣೆಯಲ್ಲಿ ಕೂರಿಸಿ, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಎರಡು ಸೂಚನೆ ಕೊಟ್ಟು ಅಳೆದರೆ, ಅಳೆದದ್ದು ಕಣ್ಣನ್ನೋ ಗಾಬರಿಯನ್ನೋ ಹೇಳುವುದು ಕಷ್ಟ. ಆದುದರಿಂದ ಪರೀಕ್ಷೆ ಮಾಡುವವರು ಹಿರಿಯರಿಗೆ ಅವರ ಮಾತಿನಲ್ಲಿಯೇ ಬಿಡಿಸಿ ಹೇಳಬೇಕು, ‘ಎಲ್ಲ ಚುಕ್ಕೆಗಳೂ ಕಾಣುವುದಿಲ್ಲ, ಕಾಣದಿದ್ದರೆ ಅದು ತಪ್ಪಲ್ಲ’ ಎಂದು ಧೈರ್ಯ ತುಂಬಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇನ್ನೂ ಒಂದು ಮಿತಿ ಇದೆ. ಸಹಜದ ಎಲ್ಲೆ ಅಗಲವಾದುದು. ಆ ಎಲ್ಲೆಯ ಮೇಲ್ತುದಿಯಲ್ಲಿದ್ದ ವ್ಯಕ್ತಿಯು ಮೂರು ನಾಲ್ಕು ಡೆಸಿಬೆಲ್ ಕಳೆದುಕೊಂಡರೂ ಯಂತ್ರದ ಲೆಕ್ಕದಲ್ಲಿ ‘ಸಹಜ’ವಾಗಿಯೇ ಉಳಿಯಬಹುದು. ಇಂಥವರ ನಷ್ಟವನ್ನು ಊರಿನ ಲೆಕ್ಕ ತೋರಿಸಲಾರದು. ಅವರದೇ ಹಿಂದಿನ ಲೆಕ್ಕ ತೋರಿಸುತ್ತದೆ. ಕಣ್ಣು ಆರೋಗ್ಯವಾಗಿದ್ದಾಗ ಮಾಡಿಸಿದ ಒಂದು ಪರೀಕ್ಷೆಯ ಕಾಗದವು ಮುಂದೆ ಇಪ್ಪತ್ತು ವರ್ಷಗಳ ನಂತರವೂ ಬೆಲೆಬಾಳುವ ಸಾಕ್ಷಿಯಾಗುತ್ತದೆ. ಹೊಲದ ಪಹಣಿಯನ್ನು ಜೋಪಾನವಾಗಿ ಇಡುವಂತೆ ಕಣ್ಣಿನ ಈ ಕಾಗದವನ್ನೂ ಇಟ್ಟುಕೊಳ್ಳಬೇಕು.

ನಾವು ಮಾಡಬೇಕಾದುದು

ನಮ್ಮ ನಾಡಿನಲ್ಲಿ ಕಣ್ಣಿನ ಸೇವೆಗೆ ದೊಡ್ಡ ಪರಂಪರೆಯೇ ಇದೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ ಲೆಕ್ಕವಿಲ್ಲದಷ್ಟು ಜನರ ಕಣ್ಣಿನ ಪೊರೆ ತೆಗೆದುದನ್ನು ಹಿರಿಯ ಓದುಗರು ಬಲ್ಲರು. ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯ ನಂತರ ನೋಟ ಮರಳುತ್ತದೆ. ಆ ಪವಾಡಸದೃಶ ಅನುಭವದಿಂದಾಗಿಯೇ ನಮ್ಮ ಜನರಲ್ಲಿ ‘ಕಣ್ಣು ಪೂರ್ತಿ ಮಂಜಾದ ಮೇಲೆ ತೋರಿಸಿದರಾಯಿತು’ ಎಂಬ ಭಾವನೆ ಬೇರೂರಿದೆ. ಪೊರೆಯ ವಿಷಯದಲ್ಲಿ ಈ ತಡ ಹೆಚ್ಚಿನವರಿಗೆ ಅಷ್ಟು ಹಾನಿ ಮಾಡದು. ಗ್ಲಾಕೋಮಾದ ವಿಷಯದಲ್ಲಿ ಅದು ಶಾಶ್ವತ ನಷ್ಟ. ಊರಿನ ಶಿಬಿರಗಳಲ್ಲಿ ಪೊರೆಯನ್ನಷ್ಟೇ ನೋಡಿ ಕಳುಹಿಸದೆ, ನಲವತ್ತು ದಾಟಿದವರ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರಿಶೀಲಿಸಿ, ಸಂಶಯವಿದ್ದವರನ್ನು ದೃಷ್ಟಿಕ್ಷೇತ್ರ ಪರೀಕ್ಷೆಗೆ ಕಳುಹಿಸುವ ಏರ್ಪಾಡು ಆಗಬೇಕು. ಶಿಬಿರ ನಡೆಸುವ ಸಂಘಸಂಸ್ಥೆಗಳ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ ಎಂಬುದು ನಮ್ಮ ವಿನಂತಿ.

ಪ್ರತಿಯೊಬ್ಬರಿಗೂ ದೃಷ್ಟಿಕ್ಷೇತ್ರದ ಪರೀಕ್ಷೆ ಬೇಕೆಂದು ನಾವು ಹೇಳುತ್ತಿಲ್ಲ. ನಲವತ್ತು ದಾಟಿದ ಪ್ರತಿಯೊಬ್ಬರೂ ಓದುವ ಕನ್ನಡಕಕ್ಕಾಗಿ ಹೋದಾಗ, ‘ಒತ್ತಡವನ್ನೂ ನರವನ್ನೂ ಒಮ್ಮೆ ನೋಡಿರಿ’ ಎಂದು ನೇತ್ರವೈದ್ಯರನ್ನು ಕೇಳಬೇಕು. ತಂದೆತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದರೆ ಅಪಾಯ ಹಲವು ಪಟ್ಟು ಹೆಚ್ಚು; ಅಂಥವರು, ಕಣ್ಣಿನ ಒತ್ತಡ ಹೆಚ್ಚಿರುವವರು, ಬಹಳ ದಪ್ಪ ಮೈನಸ್ ಕನ್ನಡಕ ಧರಿಸುವವರು, ಸ್ಟಿರಾಯ್ಡ್ ಇರುವ ಕಣ್ಣಿನ ಹನಿಯನ್ನು ದೀರ್ಘಕಾಲ ಬಳಸಿದವರು ವೈದ್ಯರ ಸಲಹೆಯಂತೆ ದೃಷ್ಟಿಕ್ಷೇತ್ರ ಪರೀಕ್ಷೆ ಮಾಡಿಸಿಕೊಂಡು ಅದರ ಕಾಗದವನ್ನು ಕಾಪಿಡಬೇಕು. ಕಣ್ಣು ಕೆಂಪಾದಾಗಲೆಲ್ಲ ಅಂಗಡಿಯಿಂದ ತಾವಾಗಿಯೇ ಹನಿಯನ್ನು ತಂದು ಹಾಕಿಕೊಳ್ಳುವ ರೂಢಿಯನ್ನು ಎಲ್ಲರೂ ಬಿಡಬೇಕು.

ಮನೆಯ ಕಿರಿಯರಿಗೆ ಒಂದು ಮಾತು. ಅಜ್ಜ ಅಜ್ಜಿಯರು ಮೆಟ್ಟಿಲಲ್ಲಿ ತಡವರಿಸಿದರೆ, ಪಕ್ಕದಲ್ಲಿ ನಿಂತವರನ್ನು ಗಮನಿಸದಿದ್ದರೆ, ಊಟದ ತಟ್ಟೆಯ ಒಂದು ಬದಿಯ ಪದಾರ್ಥವನ್ನು ಕಾಣದೆ ಬಿಟ್ಟರೆ, ಲೋಟವನ್ನು ಮತ್ತೆ ಮತ್ತೆ ಕೆಡವಿದರೆ ಗದರಬೇಡಿ, ವಯಸ್ಸಾಯಿತೆಂದು ಸುಮ್ಮನೂ ಇರಬೇಡಿ. ಒಂದೊಂದೇ ಕಣ್ಣನ್ನು ಮುಚ್ಚಿಸಿ, ನಿಮ್ಮ ಮುಖವನ್ನೇ ನೋಡುತ್ತಿರಲು ಹೇಳಿ, ನಿಮ್ಮ ಬೆರಳುಗಳನ್ನು ನಾಲ್ಕು ಮೂಲೆಗಳಲ್ಲಿ ಆಡಿಸಿ ಕೇಳಿ. ದೊಡ್ಡ ಕೊರತೆಯಿದ್ದರೆ ಇಷ್ಟರಿಂದಲೇ ಸುಳಿವು ಸಿಗಬಹುದು. ಕೊರತೆ ಕಾಣದಿದ್ದರೂ ವೈದ್ಯರ ಬಳಿ ಕರೆದೊಯ್ಯುವುದನ್ನು ತಪ್ಪಿಸಬೇಡಿ. ಆರಂಭದ ಹಾನಿ ಬೆರಳಿನ ಲೆಕ್ಕಕ್ಕೆ ಸಿಗುವುದಿಲ್ಲ.

ಹಾಗೆಯೇ ಆಸ್ಪತ್ರೆಗಳಾಗಲಿ, ವೈದ್ಯಕೀಯ ಕಾಲೇಜುಗಳಾಗಲಿ ಆರೋಗ್ಯವಂತರ ಕಣ್ಣಿನ ಅಳತೆಗಾಗಿ ಜನರನ್ನು ಕರೆದರೆ, ‘ನಮಗೇನಾಗಿದೆ?’ ಎಂದು ಹಿಂಜರಿಯದೆ ಹೋಗಿ ಕುಳಿತುಕೊಳ್ಳೋಣ. ವಿಶೇಷವಾಗಿ ಎಪ್ಪತ್ತು ಎಂಬತ್ತರ ಆರೋಗ್ಯವಂತ ಹಿರಿಯರು ದೊರೆಯುವುದು ದುರ್ಲಭ. ಆ ವಯಸ್ಸಿನವರಲ್ಲಿ ಪೊರೆಯಾಗಲಿ ಬೇರೆ ತೊಂದರೆಯಾಗಲಿ ಇಲ್ಲದ ಕಣ್ಣುಗಳು ಕಡಿಮೆ. ಅಂಥ ಹಿರಿಯರೊಬ್ಬರು ಅರ್ಧ ಗಂಟೆ ಕುಳಿತು ಕೊಟ್ಟ ಅಳತೆಯು ತಾವೆಂದೂ ಕಾಣದ ಇನ್ನೊಬ್ಬರ ದೃಷ್ಟಿಯನ್ನು ಕಾಪಾಡಲು ನೆರವಾಗುತ್ತದೆ.

ವಯಸ್ಸಿಗೆ ಸಲ್ಲಬೇಕಾದ ಪಾಲನ್ನು ಒಪ್ಪಿಕೊಳ್ಳೋಣ. ಹತ್ತು ವರ್ಷಕ್ಕೆ ಒಂದು ಡೆಸಿಬೆಲ್‌ಗಿಂತಲೂ ಕಡಿಮೆಯಾದ ಆ ಪಾಲಿಗೆ ಒಳ್ಳೆಯ ದೀಪವೊಂದು ಸಾಕು. ಅದಕ್ಕಿಂತ ಹೆಚ್ಚು ಹೋದರೆ ಏಕೆ ಹೋಯಿತೆಂದು ಕೇಳಿ ತಿಳಿಯುವ ಹೊಣೆ ನಮ್ಮೆಲ್ಲರದು. ಆ ತಾಯಿ ಉಳಿದ ನೋಟವನ್ನು ದಿನವೂ ಹನಿ ಹಾಕಿಕೊಳ್ಳುತ್ತ ಬದುಕಿರುವವರೆಗೂ ಕಾಪಾಡಿಕೊಂಡರು. ಮೊದಲ ಭೇಟಿಯಲ್ಲಿಯೇ ನಾವು ಅಳೆದಿದ್ದರೆ ಕಾಪಾಡಿಕೊಳ್ಳಲು ಅವರಿಗೆ ಇನ್ನೂ ಹೆಚ್ಚು ಉಳಿದಿರುತ್ತಿತ್ತು.